ಎಣ್ಣೆ ಇಳಿಸುವ ಹೊತ್ತು

ಗುಂಡಿಗೆ ಇಳಿಯುವ ಮೆಟ್ಟಿಲುಗಳೆಲ್ಲ ಜಿಡ್ಡು. ಒಂದು ಕೈ ಗೋಡೆಗೆ ಕೊಟ್ಟು, ತಲೆ ತಗ್ಗಿಸಿ, ಕಾಲು ಊರಿ ನೋಡಿ ನೋಡಿ ಇಳಿಯುತ್ತೀರಿ. ಈಗ ನಿಮ್ಮ ನೆತ್ತಿಯ ಮೇಲೆ ಸಾವಿರ ಕಿಲೋಗೂ ಮೀರಿದ ಭಾರವಿದೆ. ಚಕ್ರಗಳು ಗುಂಡಿಯ ಎರಡೂ ಅಂಚಿನಲ್ಲಿ ಕೂತಿವೆ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟಾಗಿದೆ. ಎಂಜಿನ್ ಆರಿಸಿ ಸ್ವಲ್ಪ ಹೊತ್ತಾಗಿದೆಯಷ್ಟೆ. ಸೈಲೆನ್ಸರ್ ಕೊಳವೆ ತಣಿಯುತ್ತಾ ಟಿಕ್, ಟಿಕ್ ಎನ್ನುತ್ತಿದೆ. ಅದರ ಕಾವು ನಿಮ್ಮ ಎಡಗೆನ್ನೆಗೆ ತಾಗುತ್ತಿದೆ. ಮೂಗಿಗೆ ಡೀಸೆಲ್, ಹಳೇ ಗ್ರೀಸು, ಒದ್ದೆ ಸಿಮೆಂಟು.

ಕೆಂಗೇರಿಯ ಈ ಶೆಡ್ಡಿನವರೆಗೂ ಮೈಸೂರು ರಸ್ತೆಯ ಸದ್ದು ಬರುತ್ತದೆ. ಇದೇ ರಸ್ತೆ ಹಿಡಿದು ಹೋದರೆ ಬಿಡದಿ, ನಿಮ್ಮ ಕೊರೊಲ್ಲಾ ಹುಟ್ಟಿದ ಊರು. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕೊರೊಲ್ಲಾ ಹೊರಬರತೊಡಗಿದ್ದು 2003ರಲ್ಲಿ. ನಿಮ್ಮದು 2005ರದ್ದು, ಆಟೊಮ್ಯಾಟಿಕ್, ಅಪ್ಪ ಕೊಂಡದ್ದು. ಎಂಜಿನ್ ಎಣ್ಣೆಯನ್ನು ಅವರು ಒಂದು ಸಲವೂ ತಪ್ಪಿಸಿದವರಲ್ಲ. ಗೇರ್ ಬಾಕ್ಸಿನ ಎಣ್ಣೆಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಮುಟ್ಟಿದ್ದಕ್ಕೆ ಬಿಲ್ಲಿಲ್ಲ, ಡೈರಿಯಲ್ಲಿ ಬರೆದಿಲ್ಲ, ನೆನಪಿನಲ್ಲೂ ಇಲ್ಲ.

ಕೆಲವು ತಿಂಗಳಿಂದ ಅದು ಸೂಚನೆ ಕೊಡುತ್ತಲೇ ಬಂದಿದೆ. ಬೆಳಗ್ಗೆ ರಿವರ್ಸಿಗೆ ಹಾಕಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ, ಆಮೇಲೆ ದಡ್ ಅಂತ ಹಿಡಿಯುತ್ತದೆ. ನಲವತ್ತು ಐವತ್ತರ ವೇಗದಲ್ಲಿ ಮೇಲಿನ ಗೇರಿಗೆ ಹೋಗುವಾಗ ಸೀಟಿನ ಕೆಳಗೊಂದು ಸಣ್ಣ ನಡುಕ. ರಸ್ತೆ ಸರಿಯಿಲ್ಲ ಎಂದುಕೊಂಡಿರಿ. ಆದರೆ ನಯವಾದ ರಸ್ತೆಯಲ್ಲೂ ಅದು ಬಂತು.

"ಬಿಚ್ಚೋಕೆ ಮುಂಚೆ ಮೇಲೆ ಬನ್ನಿ ಸಾರ್. ಮೊದಲು ಮೂಸಿ ನೋಡಬೇಕು" ಎಂದು ಮೆಕ್ಯಾನಿಕ್ ಕರೆಯುತ್ತಾರೆ. ಅರವತ್ತು ದಾಟಿದ ಮನುಷ್ಯ. ಬಲಗೈಯ ಉಗುರುಗಳಲ್ಲಿ ಕೂತ ಕಪ್ಪು ಇನ್ನು ಯಾವ ಸೋಪಿಗೂ ಹೋಗುವಂಥದ್ದಲ್ಲ.

ಮತ್ತೆ ಮೆಟ್ಟಿಲು ಹತ್ತುತ್ತೀರಿ. ಅವರು ಗೇರ್ ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ನಿಮ್ಮ ಮುಖದ ಹತ್ತಿರ ಹಿಡಿಯುತ್ತಾರೆ. ಉಸಿರೆಳೆದುಕೊಳ್ಳಿ. ಈ ಒಂದು ಉಸಿರಿನ ಮೇಲೆ ಇವತ್ತಿನ ಕೆಲಸವೆಲ್ಲ ನಿಂತಿದೆ. ಘಾಟಿಯಲ್ಲಿ ಲಾರಿಯ ಕ್ಲಚ್ ಉರಿದಾಗ ಬರುವ ಆ ಕಟು ವಾಸನೆ ಇದರಲ್ಲಿ ಬಂದರೆ ಒಳಗಿನ ಕ್ಲಚ್ ತಟ್ಟೆಗಳು ಆಗಲೇ ಸುಟ್ಟಿವೆ ಎಂದರ್ಥ. ಆಗ ಎಣ್ಣೆ ಬದಲಾಯಿಸಿ ಉಪಯೋಗವಿಲ್ಲ. ಗೇರ್ ಬಾಕ್ಸನ್ನೇ ಇಳಿಸಿ ಬಿಚ್ಚಬೇಕು, ಇಲ್ಲವೆ ಕಾರನ್ನು ಮಾರಬೇಕು.

ನೀವು ಇನ್ನೊಮ್ಮೆ ಮೂಸುತ್ತೀರಿ. ಹಳತಾದ, ಮಂಕಾದ, ಕಾದು ಕಾದು ದಣಿದ ವಾಸನೆ. ಸುಟ್ಟದ್ದಲ್ಲ. ಅವರೂ ಮೂಸಿ, ಕಣ್ಣು ಮುಚ್ಚಿ, ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬೀಳಿಸುತ್ತಾರೆ. ಹನಿ ನಿಧಾನವಾಗಿ ಹರಡುತ್ತದೆ. ಹೊಸದಾಗಿದ್ದಾಗ ಕಡುಗೆಂಪಾಗಿದ್ದ ಎಣ್ಣೆ ಈಗ ಎರಡನೇ ಸಲ ಇಳಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ. ಆದರೆ ಕಲೆಯ ನಡುವೆ ಕಪ್ಪು ಚುಕ್ಕೆಗಳಿಲ್ಲ.

"ಬದುಕಿದೆ" ಎನ್ನುತ್ತಾರೆ ಅವರು.

ಆದರೂ ಹೊಟ್ಟೆಯೊಳಗಿನ ಗಂಟು ಸಡಿಲವಾಗುವುದಿಲ್ಲ. ಹಳೇ ಗೇರ್ ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಅದು ಸತ್ತೇ ಹೋಗುತ್ತದೆ ಎಂಬ ಮಾತನ್ನು ನೀವು ಎಷ್ಟು ಜನರ ಬಾಯಲ್ಲಿ ಕೇಳಿಲ್ಲ! ಈ ಮಾತಿನಲ್ಲಿ ಸತ್ಯವೂ ಇದೆ, ತಪ್ಪು ತೀರ್ಮಾನವೂ ಇದೆ. ಜಾರಲು ಶುರುವಾದ ಮೇಲೆ, ಕೊನೆಯ ಆಸೆಯೆಂದು ಎಣ್ಣೆ ಬದಲಾಯಿಸುವವರೇ ಹೆಚ್ಚು. ಸವೆದ ಕ್ಲಚ್ ತಟ್ಟೆಗಳ ಪುಡಿ ಎಣ್ಣೆಯಲ್ಲಿ ತೇಲುತ್ತಿರುವಾಗ ಯಂತ್ರ ಹಚ್ಚಿ ಒತ್ತಡದಿಂದ ತೊಳೆದರೆ, ಮೂಲೆಗಳಲ್ಲಿ ಸುಮ್ಮನೆ ಕೂತಿದ್ದ ಕೊಳೆ ಎದ್ದು ಸಣ್ಣ ಕಾಲುವೆಗಳಿಗೆ ನುಗ್ಗುತ್ತದೆ. ಗೇರ್ ಬಾಕ್ಸ್ ಕೆಲವೇ ದಿನಗಳಲ್ಲಿ ಹೋದರೆ ದೂರು ಮಾತ್ರ ಹೊಸ ಎಣ್ಣೆಯ ಮೇಲೆ. ನನ್ನ ನಂಬಿಕೆ ಇಷ್ಟು: ಹಳೆಯದಕ್ಕೆ ರಭಸ ಸಲ್ಲದು. ಕೆಳಗಿನಿಂದ ಇಳಿದಷ್ಟನ್ನು ಇಳಿಸಿ, ಅಷ್ಟನ್ನೇ ತುಂಬಿ, ಓಡಿಸಿ, ಮತ್ತೆ ಇಳಿಸಬೇಕು. ಈ ಪೆಟ್ಟಿಗೆಯಲ್ಲಿರುವುದು ಏಳು ಲೀಟರಿನ ಆಸುಪಾಸು. ಡ್ರೈನ್ ಬೋಲ್ಟ್ ಬಿಚ್ಚಿದರೆ ಬರುವುದು ಮೂರು. ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನೊಳಗೆ ಉಳಿದುಬಿಡುತ್ತದೆ. ಹೀಗೆ ಮೂರು ಸಲ ಮಾಡಿದರೆ ಹಳತು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ, ಗೇರ್ ಬಾಕ್ಸಿಗೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಮತ್ತೆ ಗುಂಡಿಗೆ.

ಕೆಳಗೆ ಅಗಲ ಬಾಯಿಯ ಪ್ಲಾಸ್ಟಿಕ್ ತೊಟ್ಟಿ ಇಟ್ಟಾಗಿದೆ. ಅಲೆನ್ ಕೀಯನ್ನು ಡ್ರೈನ್ ಬೋಲ್ಟಿನ ಕುಳಿಗೆ ಕೂರಿಸುತ್ತೀರಿ. ಅಲುಗಾಡದಂತೆ ಪೂರ್ತಿ ಒಳಗೆ ಹೋಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡುತ್ತೀರಿ. ಅರ್ಧ ಕೂತ ಕೀಲಿಗೆ ಬಲ ಕೊಟ್ಟರೆ ಕುಳಿ ಸವೆದು ಗುಂಡಾಗುತ್ತದೆ. ಎಳೆಯುತ್ತೀರಿ. ಅಲುಗುವುದಿಲ್ಲ. ಇನ್ನಷ್ಟು ಎಳೆಯುತ್ತೀರಿ, ಭುಜ ನಡುಗುತ್ತದೆ. ಕ್ರಕ್! ಮುರಿಯಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಇಲ್ಲ, ಬಿಟ್ಟುಕೊಂಡಿತು. ಇನ್ನು ಬೆರಳಲ್ಲೇ ತಿರುಗಿಸಬಹುದು. ಕೊನೆಯ ಸುತ್ತಿನವರೆಗೂ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು ಥಟ್ಟನೆ ಕೈ ಹಿಂದಕ್ಕೆಳೆಯುತ್ತೀರಿ.

ಆದರೂ ಎಣ್ಣೆ ನಿಮಗಿಂತ ಚುರುಕು. ಬಿಸಿ ಧಾರೆ ಮಣಿಕಟ್ಟಿಗೆ ಬಿದ್ದು, ತೋಳಿನೊಳಗೆ ನುಗ್ಗಿ, ಮೊಣಕೈವರೆಗೆ ಇಳಿಯುತ್ತದೆ. ಸುಡುವಷ್ಟಿಲ್ಲ, ಆದರೆ ಇನ್ನಷ್ಟು ಬೇಗ ಬಿಚ್ಚಿದ್ದರೆ ಸುಡುತ್ತಿತ್ತು. ಓಡಿ ಬಂದ ಕಾರಿನ ಈ ಎಣ್ಣೆ ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪೂರ್ತಿ ತಣಿದರೆ ಕೊಳೆ ತಳದಲ್ಲಿ ಕೂತುಬಿಡುತ್ತದೆ, ಪೂರ್ತಿ ಬಿಸಿಯಿದ್ದರೆ ಚರ್ಮ ಕಿತ್ತು ಬರುತ್ತದೆ. ಇವೆರಡರ ನಡುವಿನ ಹೊತ್ತಿಗಾಗಿಯೇ ಅವರು ನಿಮ್ಮನ್ನು ಚಹಾ ಕುಡಿಸಿ ಕೂರಿಸಿದ್ದು.

ಧಾರೆ ಸಣ್ಣದಾಗುತ್ತದೆ, ಎಳೆಯಾಗುತ್ತದೆ, ಹನಿಯಾಗುತ್ತದೆ. ಕಾಯುವಾಗ ಈ ಎಣ್ಣೆಯ ಬದುಕನ್ನು ಯೋಚಿಸಿ. ಎಂಜಿನ್ನಿನಲ್ಲಿ ಎಣ್ಣೆ ಜಾರಿಸುತ್ತದೆ, ತಂಪು ಮಾಡುತ್ತದೆ. ಇಲ್ಲಿ ದುಡಿಯುವುದೇ ಎಣ್ಣೆ. ಸಿಗ್ನಲ್ಲಿನಲ್ಲಿ ಡಿ ಹಾಕಿ ಬ್ರೇಕ್ ಒತ್ತಿ ನಿಂತಾಗ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಬಿಗಿದ ಕಬ್ಬಿಣದ ನಂಟಿಲ್ಲ. ಒಂದು ರೆಕ್ಕೆಚಕ್ರ ಎಣ್ಣೆಯನ್ನು ಎಸೆಯುತ್ತದೆ, ಎದುರಿನದು ಆ ಏಟಿಗೆ ತಿರುಗಲು ಹವಣಿಸುತ್ತದೆ. ಗೇರು ಬದಲಾದಾಗ ಅದೇ ಎಣ್ಣೆ ಟೈರಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿ ನುಗ್ಗಿ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ. ಆ ತಟ್ಟೆಗಳ ಮೇಲಿರುವ ತೆಳು ಪದರ ಕಾಗದದ ಜಾತಿಯದು, ಎಣ್ಣೆಯಲ್ಲಿ ನೆನೆದೇ ಇರಬೇಕು. 1939ರಲ್ಲಿ ಜನರಲ್ ಮೋಟಾರ್ಸ್ ಹೈಡ್ರಾ-ಮ್ಯಾಟಿಕ್ ತಂದಾಗಲೂ ಎಣ್ಣೆಯ ಒತ್ತಡದಿಂದಲೇ ಗೇರು ಹಿಡಿಸುವ ಉಪಾಯವಿತ್ತು. ಆಮೇಲೆ ಕಂಪ್ಯೂಟರ್ ಬಂದು ಯಾವಾಗ ಹಿಡಿಯಬೇಕೆಂದು ಹೇಳತೊಡಗಿತು. ಹಿಡಿಯುವುದು ಈಗಲೂ ಎಣ್ಣೆಯೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು, ತೆವಳಿ, ಮತ್ತೆ ನಿಂತು ಅದು ಕಾದ ಗಂಟೆಗಳನ್ನು ಓಡೋಮೀಟರ್ ಲೆಕ್ಕ ಹಾಕುವುದಿಲ್ಲ.

"ಈಗ ಚೇಂಬರು" ಎಂದು ಮೇಲಿಂದ ದನಿ.

ಚೇಂಬರೆಂದರೆ ಗೇರ್ ಬಾಕ್ಸಿನ ತಳದ ತಗಡಿನ ತಟ್ಟೆ. ಅದರ ಸುತ್ತ ಹತ್ತರ ಸ್ಪ್ಯಾನರಿನ ಪುಟ್ಟ ಬೋಲ್ಟುಗಳು. ಒಂದೊಂದನ್ನೂ ಸಡಿಲಿಸುತ್ತಾ ಸುತ್ತು ಬರುತ್ತೀರಿ. ಕತ್ತು ಹಿಂದಕ್ಕೆ ಬಾಗಿ ಬಾಗಿ ಹೆಗಲ ನಡುವೆ ನೋವು ಕೂತಿದೆ, ಕಣ್ಣಿಗೆ ಮಣ್ಣಿನ ಪುಡಿ ಉದುರುತ್ತಿದೆ. ಎಲ್ಲವೂ ಬರುತ್ತಿವೆ. ಸೈಲೆನ್ಸರ್ ಪಕ್ಕದ ಮೂಲೆಯದೊಂದು ಬರುತ್ತಿಲ್ಲ.

ಇಲ್ಲಿ ನಿಲ್ಲಿ. ಬೋಲ್ಟು ಉಕ್ಕಿನದು, ಅದು ಹೊಕ್ಕಿರುವ ಪೆಟ್ಟಿಗೆ ಅಲ್ಯುಮಿನಿಯಮ್ಮಿನದು. ವರ್ಷಗಟ್ಟಲೆ ಕಾವು ತಿಂದು ಎರಡೂ ಅಂಟಿಕೊಂಡಿವೆ. ಜೋರು ಮಾಡಿದರೆ ಬೋಲ್ಟಿನ ತಲೆ ತುಂಡಾಗಿ ಕೈಗೆ ಬರುತ್ತದೆ, ಅಥವಾ ಪೆಟ್ಟಿಗೆಯ ಥ್ರೆಡ್ ಸುರುಳಿಯಾಗಿ ಕಿತ್ತು ಬರುತ್ತದೆ. ಯಾವುದಾದರೂ ಸರಿ, ಸಂಜೆ ನೀವು ಆಟೊದಲ್ಲಿ ಮನೆಗೆ ಹೋಗುತ್ತೀರಿ. ನೀವು ಕೈ ಬಿಡುತ್ತೀರಿ. ಮೇಲಿಂದ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಇಳಿದು ಬರುತ್ತದೆ. ಬುಡಕ್ಕೆ ಹೊಡೆದು ಕಾಯುತ್ತೀರಿ. ಮೆಟ್ರೊ ರೈಲು ಬಂದು ಹೋದ ಗುಂಯ್‌ಗುಡುವಿಕೆ ದೂರದಿಂದ ಕೇಳುತ್ತದೆ. ಸುತ್ತಿಗೆಯಲ್ಲಿ ಬೋಲ್ಟಿನ ತಲೆಗೆ ಮೆಲ್ಲಗೆ ತಟ್ಟುತ್ತೀರಿ. ಮತ್ತೆ ಸ್ಪ್ರೇ, ಮತ್ತೆ ಕಾಯುವುದು.

"ಮೊದಲು ಬಿಗಿ ಮಾಡೋ ಕಡೆ ಒಂದು ಚೂರು ಅಲುಗಿಸಿ. ಆಮೇಲೆ ಬಿಚ್ಚಿ" ಎನ್ನುತ್ತಾರೆ.

ಬಿಗಿ ಮಾಡುವ ಕಡೆಗಾ? ಮನಸ್ಸು ಒಪ್ಪುವುದಿಲ್ಲ, ಕೈ ಒಪ್ಪುತ್ತದೆ. ಸ್ಪ್ಯಾನರನ್ನು ಕೂದಲೆಳೆಯಷ್ಟು ಬಲಕ್ಕೆ ತಳ್ಳುತ್ತೀರಿ. ಈಗ ಎಡಕ್ಕೆ. ಬೋಲ್ಟು ಒದ್ದಾಡುತ್ತದೆ. ಬಲಕ್ಕೆ. ಎಡಕ್ಕೆ. ಅಲುಗಿತೇ? ಸ್ಪ್ಯಾನರ್ ಜಾರಿತೇ? ಇನ್ನೊಮ್ಮೆ ಎಡಕ್ಕೆ. ಟಕ್. ಉಸಿರು ನಿಲ್ಲುತ್ತದೆ. ಬೆರಳು ಹಾಕಿ ನೋಡಿ. ತಲೆ ಇದೆ, ತಿರುಗುತ್ತಿದೆ, ಇಡೀ ಬೋಲ್ಟೇ ಕಿರುಗುಡುತ್ತಾ ಇಳಿಯುತ್ತಿದೆ. ನೀವು ಗೋಡೆಗೆ ಒರಗಿ ಬೆವರು ಒರೆಸಿಕೊಳ್ಳುತ್ತೀರಿ, ಹಣೆಯ ತುಂಬ ಎಣ್ಣೆಯಾಗುತ್ತದೆ.

ಒಂದು ಬದಿಯ ಬೋಲ್ಟುಗಳನ್ನು ನಾಲ್ಕೈದು ಸುತ್ತು ಉಳಿಸಿ ಮಿಕ್ಕವನ್ನೆಲ್ಲ ತೆಗೆದಿದ್ದೀರಿ. ಆದರೂ ತಟ್ಟೆ ಹಳೇ ಪ್ಯಾಕಿಂಗಿಗೆ ಕಚ್ಚಿಕೊಂಡೇ ಇದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆ ಬರುತ್ತದೆ. ಬೇಡ. ಅಲ್ಯುಮಿನಿಯಮ್ ಅಂಚಿಗೆ ಒಂದು ಗೀರು ಬಿದ್ದರೆ ಆ ಗೀರಿನಿಂದ ಎಣ್ಣೆ ಜಿನುಗುತ್ತಲೇ ಇರುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಬದಿಗೆ ತಟ್ಟಿ. ಇನ್ನೊಂದು ಮೂಲೆಗೆ. ಪಿಚ್ ಎಂದು ಅಂಟು ಬಿಡುತ್ತದೆ, ತಟ್ಟೆ ಓರೆಯಾಗುತ್ತದೆ, ತಳದಲ್ಲಿ ಉಳಿದಿದ್ದ ಎಣ್ಣೆ ಅಂಚಿನಿಂದ ಪರದೆಯಾಗಿ ಸುರಿಯುತ್ತದೆ. ಎರಡೂ ಅಂಗೈಯಲ್ಲಿ ತಟ್ಟೆಯನ್ನು ಹೊತ್ತು ನಿಂತಿದ್ದೀರಿ. ಕೊನೆಯ ಬೋಲ್ಟುಗಳನ್ನು ಮೆಕ್ಯಾನಿಕ್ ತಾವೇ ಇಳಿದು ಬಂದು ತೆಗೆಯುತ್ತಾರೆ.

ಇಬ್ಬರೂ ತಟ್ಟೆಯ ಮೇಲೆ ಬಗ್ಗುತ್ತೀರಿ. ಟಾರ್ಚ್ ಬೆಳಕು ಬೀಳುತ್ತದೆ.

ತಳದಲ್ಲಿ ಪುಟ್ಟ ಅಯಸ್ಕಾಂತಗಳಿವೆ, ಒಂದೊಂದರ ಮೇಲೂ ಬೂದುಗಪ್ಪು ಲೇಪ. ಅವರು ಒಂದನ್ನು ಕಿತ್ತು ನಿಮ್ಮ ಹೆಬ್ಬೆರಳು ತೋರುಬೆರಳುಗಳ ನಡುವೆ ಇಡುತ್ತಾರೆ. "ತಿಕ್ಕಿ ನೋಡಿ." ನೀವು ತಿಕ್ಕುತ್ತೀರಿ. ನುಣುಪು. ಚುಚ್ಚುವುದಿಲ್ಲ, ಗೀರುವುದಿಲ್ಲ, ಬೆರಳ ಗೆರೆಗಳಲ್ಲಿ ಬೆಳ್ಳಿಯ ಮಿನುಗು ಉಳಿಯುತ್ತದೆ. ಇದು ಉಕ್ಕಿನ ಸಹಜ ಸವೆತ. ಅಂಚಿರುವ ಚೂರು ಸಿಕ್ಕಿದ್ದರೆ ಯಾವುದೋ ಹಲ್ಲು ಮುರಿದಿದೆ ಎಂದರ್ಥ. ಹಿತ್ತಾಳೆಯ ಹಳದಿ ಹೊಳಪು ಕಂಡಿದ್ದರೆ ಬುಷ್ ತೇಯುತ್ತಿದೆ. ಕಪ್ಪು ಹೊಟ್ಟು ದಪ್ಪವಾಗಿ ಕೂತಿದ್ದರೆ ಕ್ಲಚ್ ತಟ್ಟೆಗಳ ಕಥೆ ಮುಗಿದಂತೆ. ಅವರು ತಳವನ್ನು ಬೆರಳಿಂದ ಗುಡಿಸಿ, ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ನೀವು ಅವರ ಮುಖವನ್ನಷ್ಟೇ ನೋಡುತ್ತೀರಿ.

"ಕ್ಲಚ್ಚಿನ ಪುಡಿ ಸ್ವಲ್ಪ ಇದೆ. ವಯಸ್ಸಿಗೆ ತಕ್ಕಷ್ಟೇ."

ಈಗ ಫಿಲ್ಟರ್. ತಲೆಯ ಮೇಲೆ, ಕಾಲುವೆಗಳೇ ತುಂಬಿದ ವಾಲ್ವ್ ಬಾಡಿಗೆ ಬಿಗಿದ ಚಪ್ಪಟೆ ಡಬ್ಬಿ ಅದು. ಬೋಲ್ಟು ತೆಗೆಯುವ ಮುಂಚೆ ಕೆಳಗೆ ತೊಟ್ಟಿ ಇದೆಯೇ ನೋಡಿಕೊಳ್ಳಿ, ಅದರೊಳಗೂ ಎಣ್ಣೆ ತುಂಬಿರುತ್ತದೆ. ಬೋಲ್ಟುಗಳ ಉದ್ದ ಬೇರೆ ಬೇರೆಯಿರಬಹುದು, ಹಾಗಾಗಿ ಯಾವ ತೂತಿನದು ಯಾವುದೆಂದು ರಟ್ಟಿನ ಮೇಲೆ ಬರೆದು ಚುಚ್ಚಿಡುತ್ತೀರಿ. ಗಿಡ್ಡನೆಯ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ತಳಕ್ಕೆ ತಾಗಿ ಒಳಗೇನನ್ನೋ ಒಡೆಯುತ್ತದೆ. ಹಳೇ ಫಿಲ್ಟರ್ ಕೈಗೆ ಬಂತು. ಅದರ ಕತ್ತಿನಲ್ಲಿ ಸೀಲ್ ಇದೆಯೇ? ಇಲ್ಲ. ಮೇಲೆಯೇ ಅಂಟಿಕೊಂಡಿದೆ. ಇದನ್ನು ನೋಡದೆ ಹೊಸ ಸೀಲಿನ ಫಿಲ್ಟರ್ ಒತ್ತಿಬಿಟ್ಟರೆ ಒಂದರ ಮೇಲೊಂದು ಕೂತು, ಸಂದಿ ಉಳಿದು, ಪಂಪು ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ಕ್ಲಚ್ ಅರೆಬರೆ ಹಿಡಿದು ಜಾರುತ್ತದೆ, ಜಾರಿದ್ದು ಸುಡುತ್ತದೆ. ಕತ್ತಲ ತೂತಿಗೆ ಬೆರಳ ತುದಿ ಹಾಕಿ ತಡಕಾಡುತ್ತೀರಿ. ಮೆತ್ತನೆಯದೊಂದು ಅಂಚು ಸಿಗುತ್ತದೆ. ಉಗುರಿನಿಂದ ಎಬ್ಬಿಸಿ ಕಿತ್ತು ಹೊರಗೆ ತಂದು ಅವರಿಗೆ ತೋರಿಸುತ್ತೀರಿ.

ಅವರು ತಲೆಯಾಡಿಸುತ್ತಾರೆ, ಅಷ್ಟೇ. ಇಡೀ ದಿನದಲ್ಲಿ ನಿಮಗೆ ಸಿಕ್ಕ ದೊಡ್ಡ ಶಹಬ್ಬಾಸ್ ಅದು.

ಇನ್ನು ಒರೆಸುವ ಕೆಲಸ. ಕಾಟನ್ ವೇಸ್ಟಿಗೆ ಕೈ ಚಾಚುತ್ತೀರಿ, ಅವರು ಕಿತ್ತುಕೊಳ್ಳುತ್ತಾರೆ. ಅದರ ಒಂದು ಎಳೆ ನೂಲು ಒಳಗೆ ಬಿದ್ದರೂ ಕವಾಟ ಸಿಕ್ಕಿಹಾಕಿಕೊಳ್ಳಬಹುದು. ನೂಲು ಬಿಡದ ಬಟ್ಟೆಯಲ್ಲಿ ತಟ್ಟೆಯನ್ನೂ ಅಯಸ್ಕಾಂತಗಳನ್ನೂ ಪೆಟ್ರೋಲಿನಿಂದ ತೊಳೆದು ಒಣಗಿಸುತ್ತೀರಿ. ಅಂಚಿನ ಹಳೇ ಪ್ಯಾಕಿಂಗನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯುತ್ತೀರಿ.

"ಅನಾಬಾಂಡ್ ಅಂಟು ಹಚ್ಚೋಣವಾ ಅಣ್ಣಾ? ಸೋರೋದಿಲ್ಲ."

"ಬೇಡ. ಹಿಂಡಿದ್ದು ಒಳಕ್ಕೂ ಹೋಗುತ್ತೆ. ಅಲ್ಲೇ ಗಟ್ಟಿಯಾಗಿ, ಕಿತ್ತು, ಫಿಲ್ಟರಿಗೆ ಮೆತ್ತಿಕೊಳ್ಳುತ್ತೆ. ಹೊಸ ಪ್ಯಾಕಿಂಗ್ ಒಣದೇ ಇರಲಿ."

ಹೊಸ ಫಿಲ್ಟರ್ ಬಿಗಿದು, ಡ್ರೈನ್ ಬೋಲ್ಟನ್ನು ಮತ್ತೆ ಹಾಕಿ, ತಟ್ಟೆಯನ್ನು ಮೇಲಕ್ಕೆತ್ತಿ ಅದರ ಬೋಲ್ಟುಗಳನ್ನು ಮೊದಲು ಬೆರಳಲ್ಲೇ ಹಚ್ಚಿ, ಆಮೇಲೆ ಎದುರುಬದುರು ಬಿಗಿಯುತ್ತೀರಿ. ರಾಚೆಟ್ಟಿನ ಹಿಡಿಯನ್ನು ತುದಿಯಲ್ಲಿ ಹಿಡಿಯಬೇಡಿ, ತಲೆಯ ಹತ್ತಿರ ಮೂರು ಬೆರಳಲ್ಲಿ ಹಿಡಿಯಿರಿ. ಇವಕ್ಕೆ ಬೇಕಾದ ಬಿಗಿ ಹತ್ತು ನ್ಯೂಟನ್ ಮೀಟರಿಗೂ ಕಡಿಮೆ. ಇಷ್ಟೊತ್ತು ಕಾದಾಡಿದ ತೋಳಿಗೆ ಇಷ್ಟು ಹಗುರ ಸಾಲದು ಎನಿಸುತ್ತದೆ, ಇನ್ನೊಂದೇ ಒಂದು ಎಳೆತ ಎಂದು ಅದು ಬೇಡುತ್ತದೆ. ಆ ಒಂದು ಎಳೆತಕ್ಕೇ ಪ್ಯಾಕಿಂಗ್ ಹಿಚುಕಿ ಹೊರಬರುವುದು, ಥ್ರೆಡ್ ಹೋಗುವುದು. ನಿಲ್ಲಿಸಿ.

ಹೊಸ ಎಣ್ಣೆಯ ಡಬ್ಬಿಯ ಮುಚ್ಚಳ ತೆರೆದಾಗ ಶೆಡ್ಡಿನೊಳಗೆ ಮೊದಲ ಬಾರಿ ಒಂದು ಶುದ್ಧ ವಾಸನೆ. ಬಣ್ಣ ಕೆಂಪು. ಅದು ಎಣ್ಣೆಯ ಗುಣವಲ್ಲ, ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಕಾಣಲಿ, ಸೋರಿದರೆ ಗೊತ್ತಾಗಲಿ ಎಂದು ಸೇರಿಸುವ ಬಣ್ಣ. ಸ್ಟೀರಿಂಗ್ ಎಣ್ಣೆಯೂ ಕೆಂಪೇ, ಬೇರೆ ಕಂಪನಿಗಳದೂ ಕೆಂಪೇ. ಕೆಂಪಿರುವುದೆಲ್ಲ ಒಂದೇ ಎನ್ನುವ ಅಂಗಡಿಯವರು ಬೇಕಾದಷ್ಟು ಸಿಗುತ್ತಾರೆ. ಈ ಕಾರು ಕೇಳುವುದು ಟೈಪ್ ಟಿ-4. ಕ್ಲಚ್ ತಟ್ಟೆ ಎಷ್ಟು ಜಾರಿ ಎಷ್ಟು ಹಿಡಿಯಬೇಕೆಂಬ ಹದ ಇರುವುದು ಆಯಾ ಎಣ್ಣೆಗೆ ಬೆರೆಸಿದ ರಾಸಾಯನಿಕಗಳಲ್ಲಿ. ಒಂದು ಕಾಲಕ್ಕೆ ಈ ಹದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ಹುಡುಕಬೇಕಾಯಿತು. ನಿಮ್ಮ ಸೀಟಿನ ಕೆಳಗಿನ ನಡುಕಕ್ಕೂ ಹೆಚ್ಚಾಗಿ ಕಾರಣ ಈ ಹದ ಕೆಟ್ಟಿರುವುದೇ ಇರಬೇಕು.

ಡಿಪ್‌ಸ್ಟಿಕ್ಕಿನ ಕೊಳವೆಗೆ ಉದ್ದ ಮೂತಿಯ ಆಲಿಕೆ ಇಟ್ಟು ಸುರಿಯುತ್ತೀರಿ. ಕೊಳವೆ ಸಣ್ಣದು, ಅವಸರಿಸಿದರೆ ಉಕ್ಕುತ್ತದೆ. ಇಳಿದದ್ದನ್ನು ಅಳತೆಯ ಜಗ್ಗಿನಲ್ಲಿ ಅಳೆದಿಟ್ಟಿದ್ದೀರಿ, ಅದಕ್ಕಿಂತ ಒಂದು ಲೋಟ ಕಡಿಮೆಯನ್ನೇ ಹಾಕುತ್ತೀರಿ. ಹೆಚ್ಚಾದರೆ ತಿರುಗುವ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ.

ಈಗ ಸ್ಟಾರ್ಟ್.

ಮೆಕ್ಯಾನಿಕ್ ಕಾರಿನ ಮುಂದೆ ನಿಲ್ಲುವುದಿಲ್ಲ, ಹಿಂದೆಯೂ ಇಲ್ಲ, ಪಕ್ಕಕ್ಕೆ ಸರಿಯುತ್ತಾರೆ. ನೀವು ಬ್ರೇಕನ್ನು ಬಲವಾಗಿ ಒತ್ತಿ ಕೀಲಿ ತಿರುಗಿಸುತ್ತೀರಿ. ಎಂಜಿನ್ ಹತ್ತಿತು. ಪಂಪಿನ ಕೂಗು ಕೇಳುತ್ತಿದೆಯೇ? ಕಿವಿಯೊಂದೇ ಆಗಿ ಕೂತಿದ್ದೀರಿ. ಸಣ್ಣಗೆ ಒಂದು ಊಳು, ತಕ್ಷಣ ಅಡಗಿತು. ಹಿಡಿಕೆಯನ್ನು ಪಿ ಇಂದ ಎಳೆಯುತ್ತೀರಿ. ಆರ್. ಏನೂ ಇಲ್ಲ. ಬ್ರೇಕ್ ಮೇಲಿನ ಕಾಲು ನಡುಗುತ್ತಿದೆ. ಇನ್ನೂ ಇಲ್ಲ. ಕೊಂದುಬಿಟ್ಟೆನೇ? ಸೀಲ್ ಸರಿ ಕೂರಲಿಲ್ಲವೇ? ಗಾಳಿ ಎಳೆಯುತ್ತಿದೆಯೇ? ಆಕ್ಸಿಲರೇಟರ್ ಒತ್ತಲು ಕಾಲು ಹವಣಿಸುತ್ತದೆ.

"ಒತ್ತಬೇಡಿ! ಕಾಯಿರಿ!"

ಕಾಯುತ್ತೀರಿ. ಎಂಜಿನ್ನಿನ ದನಿ ಒಂದು ಚೂರು ಇಳಿಯುತ್ತದೆ. ಬೆನ್ನಿಗೆ ಮೆತ್ತನೆ ಒಂದು ತಳ್ಳು ತಾಗುತ್ತದೆ. ಹಿಡಿಯಿತು. ಆ ದಡ್ ಇಲ್ಲದೆ ಹಿಡಿಯಿತು.

"ಖಾಲಿಯಾಗಿದ್ದ ದಾರಿಗಳು ತುಂಬಬೇಕಲ್ವಾ" ಎನ್ನುತ್ತಾರೆ ಅವರು. ಎನ್, ಡಿ, 2, ಎಲ್. ಪ್ರತಿ ಜಾಗದಲ್ಲೂ ಕೆಲವು ಸೆಕೆಂಡು ನಿಂತು, ಹಾಗೆಯೇ ಪಿ ವರೆಗೆ ಹಿಂದಕ್ಕೆ. ಎರಡನೇ ಸಲ ಆರ್ ಹಾಕಿದಾಗ ಕಾಯುವುದೇ ಬೇಕಾಗುವುದಿಲ್ಲ.

ಬಿಡದಿ ಕಡೆಗೆ ಹೋಗಿ ಬರುತ್ತೀರಿ. ನಲವತ್ತು, ನಲವತ್ತೈದು, ಐವತ್ತು. ಸೀಟಿಗೆ ಬೆನ್ನು ಒತ್ತಿ ಆ ನಡುಕವನ್ನು ಹುಡುಕುತ್ತೀರಿ. ಇದೆ, ಆದರೆ ಬಹಳ ಕಡಿಮೆ. ಹುಡುಕಿದವರಿಗೆ ಮಾತ್ರ ಸಿಗುವಷ್ಟು. ಒಳಗೆ ಇನ್ನೂ ಅರ್ಧಕ್ಕೂ ಹೆಚ್ಚು ಹಳೇ ಎಣ್ಣೆಯೇ ಇದೆ, ಇಷ್ಟಕ್ಕೇ ಪೂರ್ತಿ ಹೋಗಬೇಕೆನ್ನುವುದು ಅನ್ಯಾಯ.

ಶೆಡ್ಡಿಗೆ ಮರಳಿ, ಸಮತಟ್ಟು ನೆಲದಲ್ಲಿ ಎಂಜಿನ್ ಓಡುತ್ತಿರುವಂತೆಯೇ ಪಿ ಯಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆಯುತ್ತೀರಿ. ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆಯುತ್ತೀರಿ. ಬಿಸಿಯ ಗುರುತಿನ ಕೆಳಗೆರೆಗೂ ಸ್ವಲ್ಪ ಕೆಳಗಿದೆ. ಉಳಿಸಿದ್ದ ಲೋಟದಲ್ಲಿ ಅರ್ಧದಷ್ಟು ಹಾಕುತ್ತೀರಿ, ಕಾಯುತ್ತೀರಿ, ನೋಡುತ್ತೀರಿ. ಎರಡು ಗೆರೆಗಳ ನಡುವೆ ಬಂತು. ಮೆಕ್ಯಾನಿಕ್ ಗುಂಡಿಗಿಳಿದು ಪ್ಯಾಕಿಂಗಿನ ಸುತ್ತ ಬೆರಳಾಡಿಸಿ, ಒಣ ಬೆರಳನ್ನು ಮೇಲೆತ್ತಿ ತೋರಿಸುತ್ತಾರೆ.

"ಸಾವಿರ ಕಿಲೋಮೀಟರ್ ಓಡಿಸ್ಕೊಂಡು ಬನ್ನಿ ಸಾರ್. ಚೇಂಬರ್ ಬಿಚ್ಚೋದು ಬೇಡ, ಡ್ರೈನ್ ಬೋಲ್ಟ್ ಒಂದೇ ಸಾಕು. ಅದೇ ಕಂಪನಿ ಎಣ್ಣೆನೇ ತನ್ನಿ. ಬೋಲ್ಟಿಗೆ ಹೊಸ ವಾಶರ್ ನಾನು ಇಟ್ಟಿರ್ತೀನಿ."